ಕಾರ್ವಿಂಗ್‌ಗೆ ಹಾರ್ಡ್ ಬೂಟ್, ಸ್ಟೆಪ್-ಇನ್ ಬೈಂಡಿಂಗ್: ಆರಿಸುವುದು, ಹೊಂದಿಸುವುದು

ಆಲ್ಪೈನ್ ಸ್ನೋಬೋರ್ಡಿಂಗ್ ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಹಾರ್ಡ್ ಬೂಟ್ ಹಾಕಿ, ಬೋರ್ಡನ್ನು ಅಂಚಿನ ಮೇಲೆ ವಾಲಿಸಿ, ಜಾರದೆ ತಿರುವು ಕೊರೆಯುವುದು (ಕಾರ್ವಿಂಗ್). ಇದಕ್ಕೆ ಇಳಿಯುವವರಲ್ಲಿ ಬಹಳ ಮಂದಿ ಮೊದಲು ಬೋರ್ಡ್ ನೋಡುತ್ತಾರೆ, ಆಮೇಲೆ ಬೂಟನ್ನು ಬೋರ್ಡಿಗೆ ಹಿಡಿಯುವ ಬೈಂಡಿಂಗ್, ಉಳಿದ ದುಡ್ಡಿಗೆ ಸಿಕ್ಕ ಬೂಟ್. ಈ ಲೆಕ್ಕ ತಲೆಕೆಳಗು. ಬೂಟಿನೊಳಗೆ ಹಿಮ್ಮಡಿ ಅರ್ಧ ಸೆಂಟಿಮೀಟರ್ ಮೇಲೆದ್ದರೂ ಸಾಕು, ಮೊಣಕಾಲು ಹೇಳಿದ್ದು ಅಂಚಿಗೆ ತಡವಾಗಿ ತಲುಪುತ್ತದೆ. ಎಷ್ಟೇ ಒಳ್ಳೆಯ ಬೋರ್ಡ್ ಇದ್ದರೂ ತಿರುವಿನ ನಡುವೆ ಅಂಚು ಜಾರುತ್ತದೆ. ಮೊದಲು ಬೂಟ್, ನಂತರ ಆ ಬೂಟಿಗೆ ಹೊಂದುವ ಬೈಂಡಿಂಗ್. ಬೂಟಿನ ಉದ್ದ ಗೊತ್ತಾದ ಮೇಲೆ ಬೋರ್ಡಿನ ಅಗಲ, ಕಾಲಿನ ಕೋನ. ಕೆಳಗಿನ ಬರಹವೂ ಅದೇ ಕ್ರಮದಲ್ಲಿದೆ.

ಸ್ಕೀ ಬೂಟ್ ಸಾಕಲ್ಲವೇ?

ಹಾರ್ಡ್ ಬೂಟನ್ನು ಹಿಡಿಯುವ ಪ್ಲೇಟ್ ಬೈಂಡಿಂಗ್‌ಗೆ ಸ್ಕೀ ಬೂಟ್ ಸಿಕ್ಕಿಸಬಹುದು, ನಿಜ. ಒಂದೆರಡು ದಿನ ಕಾರ್ವಿಂಗ್ ಹೇಗಿರುತ್ತದೆ ಎಂದು ನೋಡುವುದಕ್ಕೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚು ದಿನ ಎಳೆಯಬೇಡಿ. ಸ್ಕೀ ಬೂಟಿನ ಅಡಿ ಉದ್ದ, ತುದಿಗಳು ಚೌಕ. ಬೋರ್ಡನ್ನು ವಾಲಿಸಿದಾಗ ಅವೇ ಮೊದಲು ಹಿಮಕ್ಕೆ ತಾಗುತ್ತವೆ. ಸ್ನೋಬೋರ್ಡ್ ಹಾರ್ಡ್ ಬೂಟಿನ ಅಡಿ ಗಿಡ್ಡ, ಮುಂದೆಯೂ ಹಿಂದೆಯೂ ಓರೆಯಾಗಿ ಕತ್ತರಿಸಿದಂತಿರುತ್ತದೆ. ಕಣಕಾಲು ಮುಂದಕ್ಕೆ ಬಾಗಲು ಹೆಚ್ಚು ಅವಕಾಶ, ಅಕ್ಕಪಕ್ಕಕ್ಕೂ ಸ್ವಲ್ಪ ಸಡಿಲ. ಹಿಂಬದಿಯಲ್ಲಿ ಒಂದು ಲಿವರ್ ಇದ್ದು, ಕಫ್ (ಕಣಕಾಲನ್ನು ಸುತ್ತುವ ಬೂಟಿನ ಮೇಲ್ಭಾಗ) ಎಷ್ಟು ಮುಂದಕ್ಕೆ ವಾಲಿ ನಿಲ್ಲಬೇಕು ಎಂಬುದನ್ನು ಹಂತಹಂತವಾಗಿ ಬದಲಿಸಬಹುದು. ನಡೆಯುವಾಗ ಅದನ್ನೇ ಬಿಡಿಸಿಕೊಳ್ಳಬಹುದು. ಸ್ಟೆಪ್-ಇನ್ (ಹಿಮ್ಮಡಿ ಒತ್ತಿದರೆ ತಾನೇ ಸಿಕ್ಕಿಕೊಳ್ಳುವ ಬೈಂಡಿಂಗ್) ಬೇಕೆನ್ನುವವರಿಗೆ ಇನ್ನೊಂದು ಕಾರಣವೂ ಇದೆ: ಅದಕ್ಕೆ ಬೇಕಾದ ಇಂಟೆಕ್ ಎಂಬ ಹಿಮ್ಮಡಿ ತುಂಡನ್ನು ಕೂರಿಸಲು ಸ್ಕೀ ಬೂಟಿನಲ್ಲಿ ಜಾಗವೇ ಇರುವುದಿಲ್ಲ.

ಅಳತೆ: ಲೈನರ್ ತೆಗೆದು ನೋಡಿ

ಹಾರ್ಡ್ ಬೂಟಿನ ಅಳತೆ ಮಾಂಡೋದಲ್ಲಿ ಇರುತ್ತದೆ, ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ. ಗೋಡೆಗೆ ಹಿಮ್ಮಡಿ ತಾಗಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತು, ಅತಿ ಉದ್ದದ ಬೆರಳಿನ ತುದಿಯವರೆಗೆ ಅಳೆಯಿರಿ. ಎರಡೂ ಪಾದ ಅಳೆಯಿರಿ. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಅಪರೂಪವೇನಲ್ಲ. 26.8 ಬಂದರೆ 27ರಿಂದ ನೋಡಲು ಶುರು ಮಾಡಿ. ದಿನನಿತ್ಯದ ಶೂ ನಂಬರಿನಿಂದ ಮಾಂಡೋ ಲೆಕ್ಕ ಹಾಕಿದರೆ ಬಹುತೇಕ ಒಂದು ಸೈಜ್ ದೊಡ್ಡದೇ ಬರುತ್ತದೆ.

ಬೂಟ್ ಹಾಕಿಕೊಂಡು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು "ಆರಾಮಾಗಿದೆ" ಎನ್ನುವುದು ಪರೀಕ್ಷೆಯಲ್ಲ. ಹೊಸ ಲೈನರ್ (ಬೂಟಿನೊಳಗಿನ ಒಳಬೂಟು) ಮೆತ್ತಗಿರುತ್ತದೆ, ದೊಡ್ಡ ಬೂಟಿನ ತಪ್ಪನ್ನು ಮುಚ್ಚಿಡುತ್ತದೆ. ಲೈನರ್ ಹೊರಗೆ ತೆಗೆಯಿರಿ. ಬರಿಗಾಲನ್ನು ಖಾಲಿ ಶೆಲ್ಲಿನೊಳಗೆ (ಹೊರಗಿನ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನೊಳಗೆ) ಇಳಿಸಿ, ಬೆರಳುಗಳು ಮುಂಭಾಗಕ್ಕೆ ಸುಮ್ಮನೆ ತಾಗುವಷ್ಟು ಮುಂದೆ ಸರಿಸಿ, ಮೊಣಕಾಲು ಮಡಚಿ. ಈಗ ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿದಿದೆ ನೋಡಿ. 1ರಿಂದ 1.5 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ರೇಸಿಗೆ ಬಿಗಿ ಬೇಕೆನ್ನುವವರು 1ಕ್ಕಿಂತ ಕೆಳಗೆ ಇಳಿಯುತ್ತಾರೆ. 2 ದಾಟಿತೆಂದರೆ ಆ ಶೆಲ್ ನಿಮ್ಮದಲ್ಲ. ದಪ್ಪ ಸಾಕ್ಸ್, ಹೆಚ್ಚುವರಿ ಅಡಿಹಾಳೆ ಯಾವುದೂ ಅದನ್ನು ಸರಿಮಾಡದು. ಎಷ್ಟೋ ಸಲ ಎರಡು ಸೈಜ್‌ಗಳಿಗೆ ಒಂದೇ ಶೆಲ್ ಇರುತ್ತದೆ, ಲೈನರ್ ಮಾತ್ರ ಬೇರೆ. ಅರ್ಧ ಸೈಜ್ ಕೆಳಗಿಳಿದರೂ ಬೂಟ್ ಸಡಿಲವೇ ಅನ್ನಿಸಿದರೆ ಕಾರಣ ಇದೇ ಇರಬಹುದು.

ಅಗಲವನ್ನೂ ನೋಡಿ. ಕಿರುಬೆರಳಿನ ಬುಡದ ಗಂಟು, ಹರಡು ಮೂಳೆ, ಪಾದದ ಒಳಮಗ್ಗುಲಿನ ಉಬ್ಬು: ಈ ಮೂರು ಕಡೆ ಶೆಲ್ ನೇರವಾಗಿ ಒತ್ತುತ್ತಿದೆಯೇ? ಅಲ್ಲಲ್ಲಿ ಒತ್ತುವುದಕ್ಕೆ ಮದ್ದಿದೆ: ಬೂಟ್ ಫಿಟ್ ಮಾಡುವವರು ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಆ ಜಾಗವನ್ನಷ್ಟೇ ಹೊರಕ್ಕೆ ತಳ್ಳಿಕೊಡುತ್ತಾರೆ. ಶೆಲ್ ಉದ್ದವಾಗಿದ್ದರೆ ಮದ್ದಿಲ್ಲ. ಆದ್ದರಿಂದ ಸಂಶಯ ಬಂದಾಗ ಉದ್ದ ಸರಿಯಿದ್ದು ಕೊಂಚ ಒತ್ತುವ ಬೂಟನ್ನೇ ಆರಿಸಿ.

ಗಡಸುತನದ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ದಿಕ್ಕಿಗೆ: ಬೇಕಾದ್ದಕ್ಕಿಂತ ಗಡಸು ಕೊಳ್ಳುವುದು. ಡೀಲಕ್ಸ್ ಕಂಪನಿಯ ಟ್ರ್ಯಾಕ್ ಬೂಟುಗಳ ಸಾಲಿನಲ್ಲಿ 325 ಮೆದು, 425 ನಡುವಿನದು, 700 ರೇಸಿನವರದು. ಯುಪಿಝಡ್ ಮತ್ತು ಮೌಂಟನ್ ಸ್ಲೋಪ್ ಬೂಟುಗಳೂ ರೇಸಿನವರಲ್ಲಿ ಬಳಕೆಯಲ್ಲಿವೆ. ಅದೇ ಮಾಂಡೋದ ಬೇರೆ ಬೂಟುಗಳ ಪಕ್ಕ ಇಟ್ಟರೆ ಯುಪಿಝಡ್‌ನ ಹೊರಗಿನ ಉದ್ದ ಗಿಡ್ಡ, ದೊಡ್ಡ ಪಾದದವರಿಗೆ ಇದು ದೊಡ್ಡ ಅನುಕೂಲ. ಬೂಟ್ ಹಾಕಿ, ಬಕಲ್ ಬಿಗಿದು, ಮೊಣಕಾಲನ್ನು ಬೆರಳ ತುದಿಯ ಕಡೆಗೆ ತಳ್ಳಿ. ಕಫ್ ನಿಧಾನವಾಗಿ, ಒಂದೇ ಸಮನೆ ಬಾಗಬೇಕು. ಸೊಂಟ ಹಿಂದಕ್ಕೆ ಹೋಗುತ್ತಿದೆ, ಕಣಕಾಲು ಬಾಗುತ್ತಿಲ್ಲ ಅಂದರೆ ಬೂಟ್ ನಿಮ್ಮ ತೂಕಕ್ಕೆ ಗಡಸು. ಮನೆಯ ಬೆಚ್ಚಗಿನ ಕೋಣೆಯಲ್ಲಿ ಬಾಗಿದ ಪ್ಲಾಸ್ಟಿಕ್ ಚಳಿಯಲ್ಲಿ ಇನ್ನೂ ಗಟ್ಟಿಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲಿವರಿನ ಜಾಗಕ್ಕೆ ಸ್ಪ್ರಿಂಗ್ ವ್ಯವಸ್ಥೆ ಹಾಕಿಸುವುದುಂಟು. ಬಾಂಬರ್ ಕಂಪನಿಯ ಬಿಟಿಎಸ್ ಇದರಲ್ಲಿ ಹೆಸರಾದದ್ದು. ಲಿವರ್ ಕಫನ್ನು ಒಂದು ಕಡೆ ಹಿಡಿದು ನಿಲ್ಲಿಸಿಬಿಡುತ್ತದೆ, ಸ್ಪ್ರಿಂಗ್ ಎರಡೂ ಕಡೆಗೆ ಅಷ್ಟಷ್ಟೇ ಬಿಟ್ಟುಕೊಡುತ್ತದೆ. ಒರಟು ಹಿಮದಲ್ಲಿ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಲೈನರ್ ಬಿಸಿಮಾಡಿ ಅಚ್ಚು ತೆಗೆಸುವುದು

ಬಹುತೇಕ ಹಾರ್ಡ್ ಬೂಟ್ ಲೈನರ್‌ಗಳು ಬಿಸಿಗೆ ಮೆದುವಾಗಿ, ತಣಿದಾಗ ಕಾಲಿನ ಆಕಾರದಲ್ಲೇ ನಿಲ್ಲುವ ಫೋಮಿನವು. ಸುಮಾರು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹತ್ತು ನಿಮಿಷದಷ್ಟು ಬಿಸಿ ಬೇಕಾಗುತ್ತದೆ. ಖಚಿತ ಅಂಕಿ ಲೈನರಿನ ಜೊತೆಗೆ ಬರುವ ಚೀಟಿಯಲ್ಲಿರುತ್ತದೆ, ಅದನ್ನೇ ಪಾಲಿಸಿ. ಬಿಸಿ ಗಾಳಿಯ ಯಂತ್ರ ಇರುವವರ ಬಳಿ ಮಾಡಿಸುವುದು ಮೇಲು. ಮನೆಯ ಓವನ್ನಿನಲ್ಲಿ ಒಂದು ಕಡೆ ಕಾವು ಹೆಚ್ಚಾಗಿ ಫೋಮ್ ಸುಟ್ಟುಹೋಗುವುದುಂಟು.

ಬಿಸಿಮಾಡುವ ಮುಂಚೆ ಬೆರಳುಗಳ ಮೇಲೆ ಟೋ ಕ್ಯಾಪ್ ಹಾಕಿ, ನೋಯುವ ಮೂಳೆಗಳ ಮೇಲೆ ಸಣ್ಣ ಫೋಮ್ ತುಂಡು ಅಂಟಿಸಿ, ಮೇಲೆ ಒಂದೇ ಒಂದು ತೆಳು ಸಾಕ್ಸ್. ನೀವು ಬಳಸುವ ಅಡಿಹಾಳೆ ಆಗಲೇ ಅಡಿಯಲ್ಲಿರಬೇಕು. ಬಿಸಿ ಲೈನರ್ ಸಮೇತ ಬೂಟಿಗೆ ಕಾಲಿಳಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಬಕಲ್‌ಗಳನ್ನು ಮಧ್ಯಮವಾಗಿ ಹಾಕಿ. ಆಮೇಲೆ ಮೊಣಕಾಲು ತುಸು ಬಾಗಿಸಿ, ಅಲುಗಾಡದೆ, ಪೂರ್ತಿ ತಣಿಯುವ ತನಕ ನಿಲ್ಲಿ. ಈ ಹತ್ತು ನಿಮಿಷದಲ್ಲಿ ಹಿಮ್ಮಡಿ ಎತ್ತಿದರೆ ಅಲ್ಲೊಂದು ಪೊಳ್ಳು ಉಳಿದುಬಿಡುತ್ತದೆ. ಅಚ್ಚು ಕೆಟ್ಟರೆ ಮತ್ತೆ ಬಿಸಿಮಾಡಬಹುದು, ಆದರೆ ಪ್ರತಿ ಸಲ ಫೋಮ್ ಸ್ವಲ್ಪ ಸ್ವಲ್ಪ ತೆಳುವಾಗುತ್ತದೆ.

ಸ್ಟೆಪ್-ಇನ್ ಅಂದರೆ ಒಳಗೆ ಏನಿದೆ

ಸಾಮಾನ್ಯ ಪ್ಲೇಟ್ ಬೈಂಡಿಂಗ್‌ನಲ್ಲಿ ಹಿಂದೆ ಒಂದು ಬೇಲ್ (ಬೂಟಿನ ಅಡಿಯ ತುದಿಯನ್ನು ಹಿಡಿಯುವ ಬಾಗಿದ ತಂತಿ), ಮುಂದೆ ಬೇಲ್ ಮತ್ತು ಅದನ್ನು ಬಿಗಿಯುವ ಲಿವರ್. ಬಗ್ಗಿ ಕೈಯಿಂದ ಹಾಕಬೇಕು. ಸ್ಟೆಪ್-ಇನ್‌ನಲ್ಲಿ ಮುಂದಿನ ಬೇಲ್ ಹಾಗೇ ಇದೆ; ಬೂಟಿನ ಹಿಮ್ಮಡಿಯ ಜಾಗದಲ್ಲಿ ಬೇರೆ ತುಂಡು ಬರುತ್ತದೆ. ಅದರೊಳಗಿಂದ ಎಡಕ್ಕೊಂದು, ಬಲಕ್ಕೊಂದು ಸ್ಪ್ರಿಂಗ್ ಇರುವ ಲೋಹದ ಪಿನ್ ಹೊರಚಾಚಿರುತ್ತವೆ. ಹಿಮ್ಮಡಿ ಒತ್ತಿದಾಗ ಅವು ಒಳಸರಿದು, ಬೈಂಡಿಂಗ್‌ನ ಹಿಂಬ್ಲಾಕಿನ ತೂತಿಗೆ ಸರಿಯಾಗಿ ಬಂದಾಗ ಮತ್ತೆ ಹೊರಗೆ ಚಿಮ್ಮಿ ಸಿಕ್ಕಿಕೊಳ್ಳುತ್ತವೆ. ಪಿನ್‌ಗಳಿಗೆ ಕಟ್ಟಿದ ಕೇಬಲ್ ಶೆಲ್ಲಿನೊಳಗಿಂದ ಮೇಲೆ ಬಂದು ಮೀನಖಂಡದ ಹತ್ತಿರ ಒಂದು ಹಿಡಿಯಲ್ಲಿ ಮುಗಿಯುತ್ತದೆ. ಹಿಡಿ ಎಳೆದರೆ ಪಿನ್ ಒಳಗೆ, ಕಾಲು ಹೊರಗೆ.

ಈ ವ್ಯವಸ್ಥೆಯ ಹೆಸರು ಇಂಟೆಕ್. ಬಾಂಬರ್ ತಂದ ಫಿಂಟೆಕ್ ಹಿಮ್ಮಡಿಯೂ ಇದೇ ಬೈಂಡಿಂಗ್‌ಗಳಿಗೆ ಕೂರುತ್ತದೆ. ಕೊಳ್ಳುವಾಗ ನೆನಪಿಡಬೇಕಾದ್ದು: ಹಿಮ್ಮಡಿ ತುಂಡು ಬೈಂಡಿಂಗ್‌ಗೆ ಹೊಂದಿದರೆ ಸಾಲದು, ಬೂಟಿಗೂ ಹೊಂದಬೇಕು. ಡೀಲಕ್ಸ್ ಬೂಟಿಗೆ ಕೂರುವುದು ಯುಪಿಝಡ್ ಬೂಟಿಗೆ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಹಳೆಯ ಕಾಲದ ಬೇರೆ ಸ್ಟೆಪ್-ಇನ್‌ಗಳೂ ಸಿಗುತ್ತವೆ. ಅಗ್ಗ ಎಂದು ತೆಗೆದುಕೊಂಡರೆ ಇಂಟೆಕ್ ಪಿನ್ ಅದರಲ್ಲಿ ನಿಲ್ಲುವುದಿಲ್ಲ.

ಬಗ್ಗುವ ತೊಂದರೆ ತಪ್ಪುತ್ತದೆ ಎಂಬುದಷ್ಟೇ ಸ್ಟೆಪ್-ಇನ್ ಕೊಳ್ಳಲು ಕಾರಣವಾಗಬಾರದು. ಬೈಂಡಿಂಗ್‌ನ ಗುಣವೂ ಬದಲಾಗುತ್ತದೆ. ತಂತಿಯ ಬೇಲ್ ಅಕ್ಕಪಕ್ಕಕ್ಕೆ ತುಸು ಬಿಟ್ಟುಕೊಡುತ್ತದೆ. ಎರಡು ಪಿನ್ ಹಿಡಿದ ಹಿಮ್ಮಡಿ ಬಿಡುವುದಿಲ್ಲ. ಅಂಚು ಬೇಗ ಮಾತು ಕೇಳುತ್ತದೆ, ಜೊತೆಗೆ ಹಿಮದ ಪ್ರತಿ ಕುಲುಕೂ ಮೊಣಕಾಲಿಗೆ ಬರುತ್ತದೆ. ರೇಸಿನವರಲ್ಲಿ ಅನೇಕರು ಇಂದಿಗೂ ಸಾಮಾನ್ಯ ಬೇಲನ್ನೇ ಇಟ್ಟುಕೊಂಡಿರುವುದು ಹಳೆಯ ಅಭ್ಯಾಸದಿಂದಲ್ಲ. ದಿನವಿಡೀ ಲಿಫ್ಟ್ ಹತ್ತಿ ಇಳಿಯುವವರಿಗೆ, ಸೊಂಟ ಬಗ್ಗಿಸಲು ಕಷ್ಟ ಇರುವವರಿಗೆ ಸ್ಟೆಪ್-ಇನ್ ನಮ್ಮ ಆಯ್ಕೆ. ಹಗುರ ಮೈಯವರು ಅದಕ್ಕೆ ಹೋದರೆ ಎಫ್2 ಕಂಪನಿಯ ತೆಳು ಪ್ಲೇಟಿನ ಇಂಟೆಕ್ ಬೈಂಡಿಂಗ್ ನೋಡಿ. ಬಾಂಬರ್‌ನ ಟಿಡಿ3 ದಪ್ಪ ಅಲ್ಯುಮಿನಿಯಂ, ಭಾರ, ತುಂಬಾ ಗಟ್ಟಿ. ಅಡಿಯಲ್ಲಿ ರಬ್ಬರಿನಂಥ ಉಂಗುರ ಇದ್ದು ಅದರ ಮೃದುತ್ವವನ್ನು ಆಯ್ದುಕೊಳ್ಳಬಹುದು. ಭಾರದ, ವೇಗದ ಸವಾರರಿಗೆ ಅದು ಸರಿ.

ಒಂದು ಮಾತು ಎರಡಕ್ಕೂ ಅನ್ವಯ: ಸ್ಕೀ ಬೈಂಡಿಂಗ್‌ನಂತೆ ಇವು ಬಿದ್ದಾಗ ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ಬಿಚ್ಚಿಕೊಳ್ಳಲೂ ಬಾರದು.

ಬೋರ್ಡಿಗೆ ಕೂರಿಸುವುದು

ಕೋನವನ್ನು (ಬೂಟ್ ಬೋರ್ಡಿನ ಅಡ್ಡಗೆರೆಯಿಂದ ಮುಂದಿನ ತುದಿಯ ಕಡೆಗೆ ಎಷ್ಟು ತಿರುಗಿದೆ ಎಂಬುದನ್ನು) ಬೂಟಿನ ಉದ್ದ ಮತ್ತು ಬೋರ್ಡಿನ ನಡುಭಾಗದ ಅಗಲ ನಿರ್ಧರಿಸಬೇಕು, ಬೇರೆಯವರ ಅಂಕಿಯಲ್ಲ. ಬೂಟಿನ ಅಡಿ 30 ಸೆಂಟಿಮೀಟರ್ ಉದ್ದ ಇದೆ ಎಂದುಕೊಳ್ಳಿ. 45 ಡಿಗ್ರಿಯಲ್ಲಿ ಅದು ಬೋರ್ಡಿನ ಅಡ್ಡಕ್ಕೆ ಸುಮಾರು 21 ಸೆಂಟಿಮೀಟರ್ ಜಾಗ ತಿನ್ನುತ್ತದೆ, 55ರಲ್ಲಿ 17, 60ರಲ್ಲಿ 15. ಇದು ನಡುಗೆರೆಯ ಲೆಕ್ಕ. ಬೂಟಿಗೆ ಅಗಲವೂ ಇರುವುದರಿಂದ ಮೂಲೆಗಳು ಇನ್ನಷ್ಟು ಹೊರಗೆ ಬರುತ್ತವೆ. ಹಾಗಾಗಿ ಲೆಕ್ಕ ಹಾಕಿ ನಿಲ್ಲಿಸದೆ ಕಣ್ಣಾರೆ ನೋಡಿ: ಬೂಟ್ ಸಿಕ್ಕಿಸಿ, ಬೋರ್ಡನ್ನು ಮಟ್ಟದ ನೆಲದ ಮೇಲೆ ಒಂದು ಅಂಚಿಗೆ ವಾಲಿಸಿ. ಬೂಟಿನ ತುದಿಯಾಗಲಿ, ಬೇಲ್ ಆಗಲಿ ಅಂಚಿನಿಂದ ಹೊರಗೆ ಇಣುಕಬಾರದು. ಇಣುಕಿದರೆ ಆಳವಾದ ತಿರುವಿನಲ್ಲಿ ಬೂಟ್ ಹಿಮಕ್ಕೆ ಕಚ್ಚಿ ಅಂಚನ್ನು ಮೇಲೆತ್ತುತ್ತದೆ, ಸವಾರ ಪಕ್ಕಕ್ಕೆ ಜಾರಿ ಬೀಳುತ್ತಾನೆ. ನಡುಭಾಗ 20–21 ಸೆಂಟಿಮೀಟರ್ ಅಗಲ ಇರುವ ಬೋರ್ಡಿಗೆ ಮುಂಗಾಲು 60, ಹಿಂಗಾಲು 55 ಇಟ್ಟು ಶುರು ಮಾಡಬಹುದು. ಹಿಂಗಾಲಿನ ಕೋನ ಮುಂಗಾಲಿಗೆ ಸಮ ಅಥವಾ 5 ಡಿಗ್ರಿಯವರೆಗೆ ಕಡಿಮೆ ಇರಲಿ. ಬಹಳ ಕಿರಿದಾದ ಬೋರ್ಡಿಗೆ 65ರ ಆಚೆ ಹೋಗಬೇಕಾಗಿ ಬಂದರೆ, ಕೋನ ಏರಿಸುವ ಬದಲು ಬೋರ್ಡನ್ನೇ ಬದಲಿಸುವುದು ಜಾಣತನ.

ಬೂಟ್ ಬೋರ್ಡಿನ ನಡುವಲ್ಲಿ ಕೂರಬೇಕು, ಅಂದರೆ ಬೆರಳ ಕಡೆಗೂ ಹಿಮ್ಮಡಿ ಕಡೆಗೂ ಅಂಚಿನಿಂದ ಒಂದೇ ದೂರ. ಮುಂದಿನ ಬ್ಲಾಕನ್ನೊಂದೇ ಸರಿಸಿ ಬೂಟಿನ ಉದ್ದ ಹೊಂದಿಸಿಬಿಟ್ಟರೆ ಇದು ತಪ್ಪುತ್ತದೆ, ಒಂದು ಕಡೆಯ ತಿರುವು ಸುಲಭ, ಇನ್ನೊಂದು ಕಡೆಯದು ಒದ್ದಾಟ. ಹಿಂದಿನದನ್ನೂ ಸರಿಸಿ.

ಬೋರ್ಡಿನ ಇನ್ಸರ್ಟ್‌ಗಳಿಗೆ (ಬೋರ್ಡಿನೊಳಗೆ ಕೂರಿಸಿದ ಥ್ರೆಡ್ ಇರುವ ತೂತುಗಳಿಗೆ) ಎಂ6 ಸ್ಕ್ರೂ. ನಾಲ್ಕು ಮೂಲೆಯ ತೂತುಗಳ ಅಂತರ ಸಾಮಾನ್ಯವಾಗಿ 4 ಸೆಂಟಿಮೀಟರ್. ತಲೆ ಪೋಜಿಡ್ರೈವ್ ಆಗಿದ್ದರೆ 3ನೇ ನಂಬರಿನ ಪೋಜಿಡ್ರೈವೇ ಬೇಕು. ಮಾಮೂಲಿ ಫಿಲಿಪ್ಸ್ ಹಾಕಿ ಒತ್ತಿದರೆ ತಲೆ ಸವೆದು, ಮುಂದೆ ಬಿಚ್ಚಲು ಕೊರೆಯಬೇಕಾಗುತ್ತದೆ. ಸ್ಕ್ರೂ ಇನ್ಸರ್ಟಿನೊಳಗೆ ಕೈಯಲ್ಲಿ ಕನಿಷ್ಠ 5–6 ಪೂರ್ತಿ ಸುತ್ತು ಹೋಗಬೇಕು. ಉದ್ದ ಹೆಚ್ಚಾದರೆ ತಳಕ್ಕೆ ತಾಗಿ, ಬೋರ್ಡಿನ ಅಡಿಯಲ್ಲಿ ಸಣ್ಣ ಗುಬುಟು ಏಳುತ್ತದೆ, ಬೈಂಡಿಂಗ್ ಮಾತ್ರ ಸಡಿಲವಾಗಿಯೇ ಉಳಿದಿರುತ್ತದೆ. ಬೈಂಡಿಂಗ್‌ನ್ನು ಒಂದು ಕಡೆಗೆ ಎತ್ತರಿಸುವ ಓರೆ ಡಿಸ್ಕ್ ಬದಲಿಸಿದಾಗ ಸ್ಕ್ರೂ ಉದ್ದವೂ ಬದಲಾಗಬೇಕು. ಇದನ್ನು ಮರೆಯುವವರೇ ಹೆಚ್ಚು. ನೀಲಿ ಲಾಕ್‌ಟೈಟ್ ಒಂದು ಹನಿ ಸಾಕು, ಪ್ಲಾಸ್ಟಿಕ್ ಭಾಗಕ್ಕೆ ತಾಗದಂತೆ ನೋಡಿ, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರಿಯುತ್ತವೆ. ಮೊದಲ ದಿನ ಎರಡು ಮೂರು ಇಳಿತದ ನಂತರ ಎಲ್ಲ ಸ್ಕ್ರೂ ಮತ್ತೊಮ್ಮೆ ನೋಡಿ.

ಓರೆ: ಮುಂಗಾಲಿನ ಬೆರಳ ಕಡೆ 3 ಡಿಗ್ರಿ ಎತ್ತರ, ಹಿಂಗಾಲಿನ ಹಿಮ್ಮಡಿ ಕಡೆ 3 ಡಿಗ್ರಿ ಎತ್ತರ. ಇಷ್ಟರಿಂದ ಶುರು ಮಾಡಿ. ಟಿಡಿ3ಗೆ 0, 3, 6 ಡಿಗ್ರಿ ಡಿಸ್ಕ್‌ಗಳಿವೆ, ಎಫ್2ಗೆ ಬ್ಲಾಕಿನಡಿ ಇಡುವ ಬೆಣೆಗಳು. ನಿಲುವು ಅಗಲವಾದಷ್ಟೂ ಹೆಚ್ಚು ಓರೆ ಬೇಕಾಗುತ್ತದೆ. ಮೊಣಕಾಲು ಒಳಗೋ ಹೊರಗೋ ತಿರುಚಿದಂತೆ ಅನ್ನಿಸಿದರೆ ಬೈಂಡಿಂಗ್ ಮುಟ್ಟುವ ಮುಂಚೆ ಬೂಟಿನ ಕಫ್ ಪಕ್ಕದ ಕ್ಯಾಂಟ್ ಸ್ಕ್ರೂ (ಕಫನ್ನು ಅಕ್ಕಪಕ್ಕಕ್ಕೆ ವಾಲಿಸುವುದು) ತಿರುಗಿಸಿ ನೋಡಿ. ಕಫಿನ ವಾಲು ಮುಂಗಾಲಿಗೆ ಕಡಿಮೆ, ಹಿಂಗಾಲಿಗೆ ಒಂದೆರಡು ಹಂತ ಜಾಸ್ತಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಪಿನ್ನಿನ ಹೊಂದಾಣಿಕೆ

ಇಡೀ ಕೆಲಸದಲ್ಲಿ ಅವಸರ ಸಲ್ಲದ ಜಾಗ ಇದು. ಬೋರ್ಡನ್ನು ಮೇಜಿನ ಮೇಲಿಟ್ಟು, ಖಾಲಿ ಬೂಟಿನ ಮುಂತುದಿಯನ್ನು ಬೇಲಿನಡಿ ಪೂರ್ತಿ ತಳ್ಳಿ ಹಿಮ್ಮಡಿ ಒತ್ತಿ. ಬೆರಳ ಒತ್ತಡಕ್ಕೇ ಕ್ಲಿಕ್ ಆದರೆ ಸಡಿಲ. ಹಿಮ್ಮಡಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿದರೆ ಕಟಕಟ ಸದ್ದು ಕೇಳುತ್ತದೆ. ದೇಹದ ಭಾರವೆಲ್ಲ ಹಾಕಿದರೂ ಒಂದೇ ಪಿನ್ ಚಿಮ್ಮಿದರೆ, ಅಥವಾ ಹಿಡಿ ಪೂರ್ತಿ ಕೆಳಗಿಳಿಯದೆ ಅರ್ಧಕ್ಕೆ ನಿಂತರೆ, ಬಿಗಿ ಹೆಚ್ಚಾಯಿತು. ಅಂಗೈಯಿಂದ ಜೋರಾಗಿ ಒತ್ತಿದಾಗ ಎರಡೂ ಪಿನ್ ಒಟ್ಟಿಗೆ ಕೂತು, ಅಲ್ಲಾಟ ಇಲ್ಲದಿದ್ದರೆ ಸರಿ. ಎಡ ಬಲ ಬೂಟುಗಳನ್ನು ಬೇರೆ ಬೇರೆಯಾಗಿ ಹೊಂದಿಸಿ. ಆಮೇಲೆ ಬೂಟ್ ಹಾಕಿಕೊಂಡು ಮತ್ತೆ ನೋಡಿ, ಭಾರ ಬಿದ್ದಾಗ ಅಡಿ ತುಸು ಬಾಗುತ್ತದೆ.

ಹಿಮದ ಮೇಲೆ ಅಪಾಯ ಬರುವುದು ಹೀಗೆ: ಬೂಟಿನಡಿ ಅಂಟಿದ ಹಿಮ ಗಟ್ಟಿಯಾಗಿ ಒಂದು ಮಗ್ಗುಲಲ್ಲಿ ಕೆಲವೇ ಮಿಲಿಮೀಟರ್ ಎತ್ತರ ಉಳಿಯುತ್ತದೆ. ಹಿಮ್ಮಡಿ ಒತ್ತಿದಾಗ ಆ ಕಡೆಯ ಪಿನ್ ತೂತಿನ ಬಾಯಿಯ ತನಕ ಮಾತ್ರ ಬರುತ್ತದೆ, ಇನ್ನೊಂದು ಕೂರುತ್ತದೆ. ಕ್ಲಿಕ್ ಕೇಳಿಸುತ್ತದೆ, ಕಾಲು ಸಿಕ್ಕಿದಂತೆಯೇ ಅನ್ನಿಸುತ್ತದೆ. ಮೊದಲ ಜೋರು ತಿರುವಿನಲ್ಲಿ ಹಿಮ್ಮಡಿ ತಿರುಚಿಕೊಂಡು ಹೊರಬರುತ್ತದೆ, ಇನ್ನೊಂದು ಕಾಲು ಬೋರ್ಡಿಗೆ ಕಟ್ಟಿಹಾಕಿದಂತೆಯೇ ಇರುತ್ತದೆ. ಮೊಣಕಾಲಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಆದ್ದರಿಂದ ಪ್ರತಿ ಸಲವೂ: ಅಡಿಯನ್ನು ಬೇಲಿನ ತಂತಿಗೆ ಉಜ್ಜಿ ಹಿಮ ಕೆರೆಯಿರಿ, ಹಿಂಬ್ಲಾಕಿನ ತೂತು ಖಾಲಿಯಿದೆಯೇ ನೋಡಿ, ಮುಂತುದಿ ಮೊದಲು ಒಳಗೆ, ನಂತರ ಹಿಮ್ಮಡಿ. ಹಿಡಿ ಪೂರ್ತಿ ಕೆಳಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಕೊನೆಗೆ ಮೊಣಕಾಲನ್ನು ಜೋರಾಗಿ ಮೇಲೆಳೆದು, ಹಿಮ್ಮಡಿಯನ್ನು ಎರಡೂ ಪಕ್ಕಕ್ಕೆ ತಿರುಚಿ. ಐದು ಸೆಕೆಂಡಿನ ಕೆಲಸ.

ಹಿಡಿ ಪ್ಯಾಂಟಿನೊಳಗೆ ಸಿಕ್ಕಿ ಎಳೆಯಲ್ಪಡದಂತೆ ನೋಡಿಕೊಳ್ಳಬೇಕು. ಕೆಲವರು ಪ್ಯಾಂಟಿನ ಪಕ್ಕದಲ್ಲಿ ಸಣ್ಣ ತೂತು ಮಾಡಿ, ಅಂಚು ಹೊಲಿಸಿ, ಹಿಡಿಯನ್ನು ಹೊರಗೆ ತಂದುಕೊಳ್ಳುತ್ತಾರೆ. ಕೇಬಲ್ ಸ್ವಲ್ಪ ಸಡಿಲ ಉಳಿಯಬೇಕು, ಇಲ್ಲದಿದ್ದರೆ ಮೊಣಕಾಲು ಬಾಗಿದಾಗ ಅದೇ ಪಿನ್ ಎಳೆದುಬಿಡುತ್ತದೆ.

ಕೇಬಲ್ ಸವೆಯುವುದು ಎರಡು ಕಡೆ: ಹಿಮ್ಮಡಿ ತುಂಡಿನಿಂದ ಹೊರಬರುವಲ್ಲಿ, ಹಿಡಿಯ ಗಂಟಿನಲ್ಲಿ. ಒಂದೇ ಒಂದು ಎಳೆ ಬಿಚ್ಚಿದ್ದು ಕಂಡರೂ ಬದಲಿಸಿ. ಇಳಿಜಾರಿನಲ್ಲಿ ತುಂಡಾದರೆ ಕಾಲು ಬಿಡಿಸಲಾಗದು. ಗಾಬರಿ ಬೇಡ, ಬಕಲ್ ಬಿಚ್ಚಿ ಪಾದವನ್ನು ಲೈನರ್ ಸಮೇತ ಬೂಟಿನಿಂದ ಎಳೆದುಕೊಳ್ಳಿ, ಆಮೇಲೆ ಮುಂದಿನ ಬ್ಲಾಕಿನ ಸ್ಕ್ರೂ ಸಡಿಲಿಸಿ ಬೂಟ್ ತೆಗೆಯಿರಿ. ಜೇಬಿನಲ್ಲಿ ಒಂದು ಹೆಚ್ಚುವರಿ ಕೇಬಲ್, ಬೈಂಡಿಂಗ್‌ಗೆ ಬೇಕಾದ ಅಲೆನ್ ಕೀ ಅಥವಾ ಸ್ಕ್ರೂಡ್ರೈವರ್ ಇರಲೇಬೇಕು. ತಂತಿಯ ಬೇಲ್‌ಗಳೂ ದಣಿದು ಮುರಿಯುತ್ತವೆ. ಬಾಗುವ ಜಾಗದಲ್ಲಿ ಗೀರು, ತುಕ್ಕು ಕಂಡರೆ ಜೋಡಿಯಾಗಿ ಬದಲಿಸಿ.

ಹಳೆಯದನ್ನು ಕೊಳ್ಳುವುದಾದರೆ

ಬೈಂಡಿಂಗ್ ಸೆಕೆಂಡ್ ಹ್ಯಾಂಡ್ ಆದರೂ ಬೇಲ್, ಕೇಬಲ್ ಹೊಸದು ಹಾಕಿದರೆ ಸಾಗುತ್ತದೆ. ಬೂಟಿನ ಕಥೆ ಬೇರೆ. ಪ್ಲಾಸ್ಟಿಕ್ಕಿಗೆ ವಯಸ್ಸಾಗುತ್ತದೆ, ಬಳಸದೆ ಅಟ್ಟದಲ್ಲಿಟ್ಟರೂ ಆಗುತ್ತದೆ. ಹೊಳಪು ಇದ್ದ ಮಾತ್ರಕ್ಕೆ ಗಟ್ಟಿ ಎಂದಲ್ಲ, ಕಡು ಚಳಿಯಲ್ಲಿ ಹಳೆಯ ಶೆಲ್ ತಟ್ಟನೆ ಸೀಳುತ್ತದೆ. ಬಕಲ್ ರಿವೆಟ್‌ಗಳ ಸುತ್ತ, ಹರಡಿನ ತಿರುಗಣೆಯ ಸುತ್ತ, ಅಡಿಯ ಮುಂತುದಿಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಡಾಂಬರಿನ ಮೇಲೆ ನಡೆದೂ ನಡೆದೂ ಅಡಿಯ ಮುಂತುದಿ ಸವೆದಿದ್ದರೆ ಬೇಲ್ ಎಷ್ಟು ಹೊಂದಿಸಿದರೂ ಅಲ್ಲಾಟ ಉಳಿಯುತ್ತದೆ. ಆ ತುಂಡು ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ವಿಚಾರಿಸಿ. ಹಿಮ್ಮಡಿ ತುಂಡಿನ ಸ್ಕ್ರೂಗಳನ್ನು ಒಮ್ಮೆ ಬಿಚ್ಚಿ ಹಾಕಿ ನೋಡಿ. ಶೆಲ್ಲಿನ ಕಡೆಯ ಥ್ರೆಡ್ ಹೋಗಿದ್ದರೆ ಆ ಬೂಟ್ ಎಷ್ಟೇ ಅಗ್ಗವಾದರೂ ಸ್ಟೆಪ್-ಇನ್‌ಗೆ ಬೇಡ.